ಪವರ್‌ಮ್ಯಾನ್

ನನ್ನ ಐಡಿ ಕಾರ್ಡಲ್ಲೇ ಬರ್ದೈತೆ: ಪವರ್‌ಮ್ಯಾನ್.
ಲೈನ್‌ಮ್ಯಾನ್ ಅನ್ನೋದನ್ನ ಅಳಿಸಿ ಹಂಗೆ ಮಾಡಿದ್ರು.
ಇಂಚರ ಮೊದಲ ಸಲ ಓದ್ದಾಗ ಅರ್ಧ ದಿನ ನಕ್ಕಿದ್ಲು,
‘ಅಪ್ಪಾ, ಚಡ್ಡೀನ ಪ್ಯಾಂಟಿನ ಮೇಲೆ ಹಾಕ್ಕೊಂಡಿಲ್ವಲ್ಲ’ ಅಂತ.

ಈಗ ಅವಳಿಗೆ ಹದಿಮೂರು. ಆ ಚಡ್ಡಿಯೋರು ಯಾರೂ ಬ್ಯಾಡ.
ಸ್ವರ್ಣಸಂದ್ರದ ನಮ್ಮ ಒಂದೂವರೆ ಕೋಣೆ ಮನೇಲಿ
ಮೊಬೈಲನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ
ಜಪಾನಿನ ಬೊಂಬೆಯಾಟ ನೋಡ್ತಾಳೆ.
‘ಬೊಂಬೆ ಅಲ್ಲ, ಅನಿಮೆ.’
ಸರಿ ಕಣವ್ವ, ಅನಿಮೆ.

ಅದ್ರಲ್ಲಿ ಒಬ್ಬ ಹುಡುಗ, ಮನೆಮನೆಗೆ ಹಾಲು ಹಾಕೋನು.
ಎಲ್ಲೋ ಯಾರೋ ಬೀಳೋ ಸದ್ದು
ಬೀಳೋಕೆ ಒಂದು ಗಳಿಗೆ ಮುಂಚೆ ಅವನ ಕಿವೀಗೆ ಬತ್ತದೆ.
ಇರೋ ಶಕ್ತಿ ಅಷ್ಟೇಯ.
ಹಾರೋಕೆ ಬರಲ್ಲ. ಸೈಕಲ್ ತುಳ್ಕೊಂಡೇ ಹೋಗ್ಬೇಕು,
ಅದ್ರಲ್ಲೂ ಚೈನು ಕಳಚ್ತದೆ.
ಮೂರಕ್ಕೆ ಎರಡು ಸಲ ತಡ.
ತಡವಾದ್ರೆ ಸೊಂಟ ಬಗ್ಗಿಸಿ, ಹಣೆ ಮಂಡಿಗೆ ತಾಗೋ ಹಂಗೆ
ತಪ್ಪಾಯ್ತು ಅಂತಾನೆ, ಬಿದ್ದೋರ ಮುಂದೆ.

ನಾನು ನೋಡಿ ಬೆಳೆದ ಹೀರೋಗಳು ಬೇರೆ.
ಟೆಂಟಿನ ಮರಳಲ್ಲಿ ಕುಂತೋರು ನಾವು:
ಮೊದಲು ಬೂಟು, ಆಮೇಲೆ ದೂಳು, ಆಮೇಲೆ ಮೊಕ,
ಅಷ್ಟೊತ್ತಿಗೆ ಚಿಲ್ರೆ ಕಾಸು ಪರದೆಗೆ ಬಿದ್ದಿರೋದು.
ಯಾರೂ ಯಾರಿಗೂ ಬಗ್ಗಿದ್ದಿಲ್ಲ.
ಖಳ ಹುಟ್ಟೋವಾಗ್ಲೇ ಗಡ್ಡ ಬಿಟ್ಕೊಂಡು ಹುಟ್ಟಿದ್ದ.
ಇವಳ ಅನಿಮೇಲಿ ಖಳನಿಗೂ ಒಬ್ಬಳು ಅಜ್ಜಿ,
ಅವಳು ಅನ್ನ ಕಲೆಸಿ ಕೊಡೋದನ್ನೇ ಹತ್ತು ನಿಮಿಷ ತೋರಿಸ್ತಾರೆ.
ಆಮೇಲೆ ಹೊಡೀರಿ ಅಂತಾರೆ.
ಹೊಡೆಯೋಕೆ ಕೈ ಬರಬೇಕಲ್ಲ.

ನಮ್ಮ ಫೀಡರಿನ ಕೊನೇ ಟ್ರಾನ್ಸ್‌ಫಾರ್ಮರ್ ಪಕ್ಕ, ನಾಲೆ ಏರಿ ಮೇಲೆ,
ಒಂದು ವೀರಗಲ್ಲೈತೆ.
ಕೆಳಗೆ ಕಾಳಗ. ನಡುವೆ ಅಪ್ಸರೇರು ರಟ್ಟೆ ಹಿಡ್ಕೊಂಡು ಮೇಲಕ್ಕೆ.
ತುದೀಲಿ ಲಿಂಗ, ಸೂರ್ಯ, ಚಂದ್ರ.
ಊಟದ ಡಬ್ಬಿ ಬಿಚ್ಚಿದಾಗೆಲ್ಲ ಹುಡುಕಿದೀನಿ,
ಕತ್ತಿ ಹಿಡ್ಕೊಂಡು ಹೊಸಲು ದಾಟಕ್ಕಾಗದೆ ನಿಂತೋನ ಅಂತಸ್ತು ಎಲ್ಲಿ ಅಂತ.
ಶಿಲ್ಪಿ ಬಿಟ್ಬುಟ್ಟವ್ನೆ.

ಆ ಕಲ್ಲಿನ ಎದುರಿನ ಕಂಬದಲ್ಲೇ ರಾಚಯ್ಯ.
ಎಲ್.ಸಿ. ತಗೊಂಡೇ ಹತ್ತಿದ್ದ. ಯಾವುದೋ ಛತ್ರದ ಜನರೇಟರು
ಹಿತ್ತಲ ಬಾಗಿಲಿಂದ ತಂತಿಗೆ ಬಂತು.
ಬಿಡಿಸೋ ಒಣ ಬಿದಿರು ನನ್ನ ಕೈಲೇ ಇತ್ತು.
ಎಷ್ಟು ಹೊತ್ತು ನಿಂತೆ ಅಂತ ಯಾರೂ ಕೇಳಿಲ್ಲ.
ಆರು ಎಣಿಸೋ ಅಷ್ಟು.
ಅವನ ಮೂರು ಬೆರಳು ಆ ಆರರಲ್ಲಿ ಹೋದ್ವು.
ಈಗ ಕಂಪ್ಲೇಂಟ್ ಫೋನಿನ ಮುಂದೆ ಕುಂತು
ಉಳಿದ ಎರಡರಲ್ಲಿ ಪೆನ್ನು ಹಿಡಿದು
‘ಬತ್ತಾರೆ ಸ್ವಾಮಿ, ಹೊರಟವ್ರೆ’ ಅಂತ
ಊರಿಗೆಲ್ಲ ಸಮಾಧಾನ ಹೇಳ್ತಾನೆ.

ಇವತ್ತು ಸಂಜೆ ಹಾಲಿನ ಹುಡುಗನಿಗೆ ಸದ್ದು ಕೇಳ್ತು.
ಸೈಕಲ್ ಹತ್ತಿದ. ಕಾಲು ಏಳಲಿಲ್ಲ.
ಇಪ್ಪತ್ತು ನಿಮಿಷ, ಪೂರ್ತಿ ಒಂದು ಎಪಿಸೋಡು,
ಒಂದು ಪೆಡಲು, ಒಂದು ಮಂಡಿ, ಮಂಡಿ ನಡುಗೋದು.
ಹುರುಳಿ ಆರಿಸ್ತಿದ್ದೋನು
ಕಲ್ಲು ಯಾವುದು ಕಾಳು ಯಾವುದು ಮರ್ತೆ.
‘ಇವ್ನೆಂಥ ಹೀರೋ ಕಣವ್ವ?’
ಪರದೆಯಿಂದ ಕಣ್ಣು ತೆಗೀದೇನೇ ಅಂದ್ಲು:
‘ಇನ್ನೂ ಮುಗ್ದಿಲ್ಲಪ್ಪ. ಮುಂದಿನ ಶನಿವಾರ ಐತೆ.’

ಆಗ್ಲೇ ಕರೆಂಟು ಹೋಯ್ತು. ರಾಚಯ್ಯನ ಫೋನು ಬಂತು.
ನಾಲೆ ಏರಿ. ಜಂಪರು ಕಿತ್ತೈತೆ.

ಅರ್ತ್ ರಾಡು ಹಾಕಿದೆ. ತೆಗೆದು ಇನ್ನೊಂದ್ಸಲ ಹಾಕಿದೆ.
ಗ್ಲೌಸು, ಬೆಲ್ಟು. ಕಾರ್ಖಾನೆ ಕಡೆಯಿಂದ ಕಾಕಂಬಿ ವಾಸನೆ.
ಟಾರ್ಚು ಕಲ್ಲಿನ ಮೇಲೆ ಬಿದ್ದು
ಅಪ್ಸರೇರ ಮೊಣಕೈ ಅಷ್ಟೇ ಕಾಣ್ತು.

ಮತ್ತೆ ಫೋನು. ‘ಹತ್ತಿದ್ಯೇನ್ಲಾ?’
‘ಇಲ್ಲ ರಾಚಣ್ಣ. ಬುಡದಲ್ಲೇ ಇವ್ನಿ.’
ಅಂದಾಗ ನನ್ನ ಸೊಂಟ ತಾನಾಗೇ ಬಗ್ಗಿತ್ತು, ಕತ್ತಲಲ್ಲಿ.
ಅವನ ಕಡೆ ಇನ್ನೊಂದು ಫೋನು ಬಡ್ಕೊಳ್ತಿತ್ತು. ಎತ್ತಲಿಲ್ಲ.
‘ನಿಂತ್ಕೊ. ಊರು ಕಾಯ್ತದೆ ಬುಡು.
ನಾನು ಲೈನಲ್ಲೇ ಇರ್ತೀನಿ.’